ಮಾವನ ಮೋಟಾರೂ ನನ್ನ ಲಕೋಟೆಯೂ

ತನ್ನ ವಿಳಾಸವನ್ನು ತಾನೇ ಬರೆದುಕೊಳ್ಳುವಾಗ ಮನುಷ್ಯನ ಕೈಬರಹ ಕೆಡುತ್ತದೆ ಎಂಬುದನ್ನು ನೀವು ಗಮನಿಸಿದ್ದೀರೋ ಇಲ್ಲವೋ. ಪತ್ರಿಕೆಗಳಿಗೆ ಬರೆಯುವ ಚಟ ನಿಮಗಿಲ್ಲದಿದ್ದರೆ ಗಮನಿಸಿರಲಾರಿರಿ. ಆ ಮಟ್ಟಿಗೆ ನೀವು ಸುಖಿಗಳು. ನಮ್ಮಂಥವರ ಪಾಡು ಬೇರೆ. ಸಾಹಿತ್ಯ ಮಾಸಿಕಗಳ ಕೊನೆಯ ಪುಟದಲ್ಲಿ, ಹಲ್ಲುಪುಡಿಯ ಜಾಹೀರಾತಿನ ಕೆಳಗೆ, ಇರುವೆಸಾಲಿನಂಥ ಅಕ್ಷರಗಳಲ್ಲಿ ಅಚ್ಚಾಗುವ ಸೂಚನೆಗಳನ್ನು ನಾವು ಸಹಸ್ರನಾಮದಂತೆ ಬಾಯಿಪಾಠ ಮಾಡಿರುತ್ತೇವೆ. ಹಾಳೆಯ ಒಂದೇ ಮಗ್ಗುಲಲ್ಲಿ ಬರೆಯತಕ್ಕದ್ದು, ಎಡಗಡೆ ಅಂಚು ಬಿಡತಕ್ಕದ್ದು, ಅಸ್ವೀಕೃತ ಬರಹ ಹಿಂದಿರುಗಬೇಕಾದರೆ ಅಂಚೆಚೀಟಿ ಹಚ್ಚಿದ ಸ್ವವಿಳಾಸದ ಲಕೋಟೆಯನ್ನು ಲಗತ್ತಿಸತಕ್ಕದ್ದು. ಈ ಕೊನೆಯ ಸೂಚನೆಯ ಕ್ರೌರ್ಯವನ್ನು ನೋಡಿ. ಹೆಣ್ಣು ಕೇಳಲು ಹೊರಟವನು ‘ಒಪ್ಪಿಗೆಯಿಲ್ಲ’ ಎಂಬ ಉತ್ತರವನ್ನು ತಾನೇ ಬರೆದು, ಮಡಿಸಿ, ಜೇಬಿನಲ್ಲಿಟ್ಟುಕೊಂಡು ಹೋದಂತೆ. ಹೀಗಾಗಿ ದುಃಖದ ಸುದ್ದಿ ನನಗೆ ಯಾವಾಗಲೂ ನನ್ನ ಕೈಬರಹದಲ್ಲೇ ಬರುತ್ತದೆ.

ತಮಿಳು ಸೀಮೆಯ ಪೀಳಮೇಡಿನಲ್ಲಿ ನಾನು ಇತಿಹಾಸದ ಪಾಠ ಹೇಳುವ ಕಾಲೇಜಿನ ಹಿಂದಿನ ಬೀದಿಯಲ್ಲೊಂದು ಮಹಡಿ ಕೋಣೆ ನನ್ನ ವಾಸ. ಅಲ್ಲಿಗೆ ಕಾಗದ ತರುವ ಅಂಚೆಯವರು ಬಹುಕಾಲ ಈ ಲಕೋಟೆಗಳನ್ನು ಮಾತಿಲ್ಲದೆ ಕೊಟ್ಟು ಹೋಗುತ್ತಿದ್ದರು. ಒಮ್ಮೆ ರಿಜಿಸ್ಟರ್ಡ್ ಕಾಗದಕ್ಕೆ ನಾನು ಸಹಿ ಹಾಕಿ ಹೆಸರು ಬರೆದದ್ದನ್ನು ನೋಡಿದವರು, ಕೈಯಲ್ಲಿದ್ದ ಇನ್ನೊಂದು ಲಕೋಟೆಯನ್ನು ನೋಡಿ, ಮತ್ತೆ ನನ್ನನ್ನು ನೋಡಿ, ಏನನ್ನೋ ಅರ್ಥ ಮಾಡಿಕೊಂಡವರಂತೆ ತಲೆ ತಗ್ಗಿಸಿ ಇಳಿದುಹೋದರು. ಕೆಳಗೆ ಮನೆಯೊಡತಿಗೆ ಅವರು ತಮಿಳಿನಲ್ಲಿ ಪಿಸುಗುಟ್ಟಿದ್ದು ಮೆಟ್ಟಿಲಿಗೆ ಚೆನ್ನಾಗಿಯೇ ಕೇಳಿಸಿತು: ‘ಪಾಪ ಅಮ್ಮಾ, ಆ ಟೀಚರಿಗೆ ಕಾಗದ ಬರೆಯುವವರು ಯಾರೂ ಇಲ್ಲ. ತಾನೇ ಬರೆದು ತಾನೇ ತರಿಸಿಕೊಳ್ಳುತ್ತದೆ.’ ಆ ದಿನದಿಂದ ಮನೆಯೊಡತಿ ಶುಕ್ರವಾರಗಳಂದು ನನಗೆ ಸಾಂಬಾರು ಕಳಿಸತೊಡಗಿದರು. ಸಾಹಿತ್ಯ ಸೇವೆಯಿಂದ ನನಗೆ ಸಿಕ್ಕಿರುವ ನಿಯತ ವರಮಾನ ಅದೊಂದೇ ಆದ್ದರಿಂದ ನಾನೂ ಸತ್ಯ ಹೇಳಲು ಹೋಗಲಿಲ್ಲ.

ಅಚ್ಚಾದ ಕವಿತೆಯನ್ನು ಓದುವವರು ಅದು ಯಾವುದೋ ಬೆಳದಿಂಗಳಲ್ಲಿ, ತಂಗಾಳಿಯ ಸನ್ನಿಧಿಯಲ್ಲಿ ಅವತರಿಸಿದ್ದೆಂದು ಭಾವಿಸುತ್ತಾರೆ. ಹಾಗೆ ಅವತರಿಸುವ ಭಾಗ್ಯವಂತರೂ ಇರಬಹುದು. ನನ್ನ ಮೊದಲ ಕವಿತೆ ಹುಟ್ಟಿದ್ದು ಉಡುಮಲೈಪೇಟೆಯ ಬಸ್ಸಿನಲ್ಲಿ, ಯಾರದೋ ಹತ್ತಿಮೂಟೆಯ ಮೇಲೆ ಅರ್ಧ ಕುಳಿತು ಅರ್ಧ ನಿಂತಿದ್ದಾಗ. ವಿಷಯ ವಿರಹ. ಯಾರ ವಿರಹವೆಂದು ಕೇಳಬೇಡಿ; ಆಗ ನನ್ನನ್ನು ಬಾಧಿಸುತ್ತಿದ್ದ ಏಕೈಕ ವಿರಹ ಕಿಟಕಿಯ ಪಕ್ಕದ ಸೀಟಿನದು. ಕವಿತೆ ಅಚ್ಚಾಗಿ ಬಂದಾಗ ಕೊನೆಯ ಕೆಲವು ಸಾಲುಗಳಿರಲಿಲ್ಲ. ಪುಟದ ಅಡಿಯಲ್ಲಿ ತಲೆಗೂದಲ ಎಣ್ಣೆಯ ಜಾಹೀರಾತೊಂದು ಬಂದು ಕುಳಿತು, ನನ್ನ ಸಾಲುಗಳನ್ನು ಎಬ್ಬಿಸಿ ಕಳಿಸಿತ್ತು. ಕಣ್ಣೀರಿಡುವಷ್ಟರಲ್ಲಿ ಮುಂದಿನ ಸಂಚಿಕೆಯಲ್ಲಿ ಓದುಗರೊಬ್ಬರ ಪತ್ರ ಬಂತು. ಹೇಳದೆ ಉಳಿಸಿದ್ದರಲ್ಲಿಯೇ ಈ ಕವಿತೆಯ ಧ್ವನಿ ಅಡಗಿದೆ ಎಂದು ಅವರು ಮೆಚ್ಚಿದ್ದರು. ಆ ಎಣ್ಣೆಯನ್ನು ನಾನು ಕೃತಜ್ಞತೆಯಿಂದ ಇಂದಿಗೂ ಬಳಸುತ್ತಿದ್ದೇನೆ.

ನನ್ನ ಬರಹಗಳಿಗೆ ಇನ್ನೊಂದು ವಿಚಿತ್ರ ಭಾಗ್ಯವಿದೆ. ಅವನ್ನು ನನ್ನ ಮನೆಯವರು ಯಾರೂ ಓದಲಾರರು. ನಮ್ಮ ಹಿರಿಯರು ಯಾವ ಕಾಲದಲ್ಲಿ ಘಟ್ಟ ಇಳಿದು ಈ ಸೀಮೆಗೆ ಬಂದರೋ ಅಜ್ಜಿಗೂ ಗೊತ್ತಿಲ್ಲ. ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ತಮಿಳು. ಎಮ್ಮೆಗೆ ಕನ್ನಡ, ಎಮ್ಮೆ ಕೊಳ್ಳಲು ಬಂದವನಿಗೆ ತಮಿಳು. ಭಾಷೆ ನಮ್ಮ ಜೊತೆ ನಡೆದುಬಂತು, ಅದರ ಅಕ್ಷರಗಳು ಮಾತ್ರ ಹಿಂದೆಲ್ಲೋ ಉಳಿದುಬಿಟ್ಟವು. ಎಂ.ಎ. ಓದಲು ಮೈಸೂರಿಗೆ ಹೋದ ನಾನು, ಹಾಸ್ಟೆಲಿನ ಗೆಳತಿಯ ಕಾಟಕ್ಕೂ ಬಸ್ಸಿನ ಬೋರ್ಡುಗಳ ಅನಿವಾರ್ಯಕ್ಕೂ ಸಿಕ್ಕಿ, ನನ್ನ ತಾಯಿನುಡಿಯ ಅಕ್ಷರಗಳನ್ನು ಇಪ್ಪತ್ತು ದಾಟಿದ ಮೇಲೆ ಕಲಿತೆ. ಹೊಸದಾಗಿ ಸೈಕಲ್ ಕಲಿತವರಂತೆ ಸುಮ್ಮನಿರಲಾಗದೆ ಬರೆಯತೊಡಗಿದೆ.

ಆದ್ದರಿಂದ ನಮ್ಮಲ್ಲೊಂದು ಪದ್ಧತಿ ಬೆಳೆದಿದೆ. ಪತ್ರಿಕೆಯ ಗೌರವಪ್ರತಿ ಬಂದ ಮುಂದಿನ ರಜೆಗೆ ನಾನು ಅದನ್ನು ಹಿಡಿದುಕೊಂಡು ಉಡುಮಲೈಪೇಟೆಯ ಆಚೆ ಇರುವ ಮಾವನ ತೋಟದ ಮನೆಗೆ ಹೋಗಬೇಕು. ಮಾವನೆಂದರೆ ನನ್ನ ತಾಯಿಯ ತಮ್ಮ. ಮನೆಯಲ್ಲಿ ಅವರು, ಅತ್ತೆ, ಮತ್ತೆ ಅವರಿಬ್ಬರನ್ನೂ ಆಳುವ ನನ್ನ ಅಜ್ಜಿ. ಅಜ್ಜಿ ಪತ್ರಿಕೆಯ ಮೂಲೆಗೆ ಅರಿಸಿನ ಕುಂಕುಮ ಇಡುತ್ತಾರೆ. ಅತ್ತೆ ಪಾಯಸ ಮಾಡುತ್ತಾರೆ. ಎಲ್ಲರೂ ಜಗಲಿಯಲ್ಲಿ ಕುಳಿತ ಮೇಲೆ ನಾನು ಗಟ್ಟಿಯಾಗಿ ಓದಬೇಕು. ಸಭ್ಯ ಶ್ರೋತೃಗಳಂತೆ ಕೊನೆಗೊಂದು ಚಪ್ಪಾಳೆ ತಟ್ಟಿ ಏಳುವ ಜನ ಇವರಲ್ಲ. ಓದು ಅವರಿಗೆ ಪಂಚಾಯಿತಿ. ಸಾಲು ಸಾಲಿಗೂ ವಿಚಾರಣೆ.

‘ಬಿಳಿ ಆಡು ಅಂದ್ಯಲ್ಲ, ಅದ್ ಯಾವ್ದು?’ ಎಂದರು ಒಮ್ಮೆ ಅಜ್ಜಿ.

‘ನಮ್ಮದೇ ಅಜ್ಜಿ, ಹಿತ್ತಲಲ್ಲಿ ಇತ್ತಲ್ಲ.’

‘ಅದು ಕೆಂದ ಆಡು.’

‘ಬಿಳಿ ಅಂದ್ರೆ ಚೆನ್ನಾಗಿರುತ್ತೆ ಅಂತ...’

‘ಚೆನ್ನಾಗಿರ್ಲಿ ಕಣ್ಣು, ಬೇಡ ಅಂದೋರ್ಯಾರು? ಆದ್ರೆ ಅದು ಕೆಂದ ಆಡು.’

‘ಕಣ್ಣು’ ಎಂಬುದು ನಮ್ಮ ಮನೆಗಳ ಮುದ್ದಿನ ಕರೆ. ಅಚ್ಚಾಗಿ ಹೋದದ್ದನ್ನು ತಿದ್ದಲಾಗುವುದಿಲ್ಲ ಎಂಬ ನನ್ನ ವಾದವನ್ನು ಅಜ್ಜಿ ಒಪ್ಪುವುದಿಲ್ಲ. ಗೋಡೆಗೆ ಬಳಿದ ಸುಣ್ಣವನ್ನೇ ಮತ್ತೆ ಬಳಿಯುತ್ತೇವಂತೆ, ಕಾಗದ ಯಾವ ಮಹಾ!

ಇನ್ನು ವಿಷಯಕ್ಕೆ ಬರುತ್ತೇನೆ. ಇಷ್ಟು ತಡಮಾಡಿದ್ದು ಪ್ರಬಂಧಕಲೆಯ ಬೆಡಗಿನಿಂದಲ್ಲ, ಹೆದರಿಕೆಯಿಂದ. ಇದನ್ನು ನೆನೆದಾಗಲೆಲ್ಲ ನನ್ನ ಅಂಗೈ ಬೆವರುತ್ತದೆ, ಶಾಯಿ ಹರಡುತ್ತದೆ.

ನಮ್ಮ ಸೀಮೆಯ ಬಾವಿಯನ್ನು ನೋಡದವರು ಬಾವಿಯೆಂದೊಡನೆ ಕಟ್ಟೆ, ರಾಟೆ, ಕೊಡ ಎಂದು ಕಲ್ಪಿಸಿಕೊಳ್ಳಬೇಡಿ. ಬಂಡೆ ಸೀಳಿ ತೋಡಿದ, ಒಂದು ಮನೆಯನ್ನೇ ಒಳಗಿಳಿಸಬಹುದಾದಷ್ಟು ಅಗಲದ, ಬಗ್ಗಿ ನೋಡಲು ಅಂಚಿನ ಕಲ್ಲು ಹಿಡಿದುಕೊಳ್ಳಬೇಕಾದಷ್ಟು ಆಳದ ಹೊಂಡ ಅದು. ನಮ್ಮವರು ಅದನ್ನು ತಮಿಳಿನಂತೆಯೇ ಕೆಣರು ಎನ್ನುತ್ತಾರೆ. ಗೋಡೆಯಿಂದ ಚಾಚಿದ ಕಲ್ಲಿನ ಮೆಟ್ಟಿಲು, ಗೋಡೆಯ ಗೂಡುಗಳಲ್ಲಿ ಪಾರಿವಾಳಗಳ ಸಂಸಾರ, ಮೇಲೊಂದು ಕೆಳಗೊಂದು ಕಲ್ಲುಚಪ್ಪಡಿಯ ಅಟ್ಟ. ನೀರೆತ್ತುವ ಮೋಟಾರು ಈ ಅಟ್ಟದ ಮೇಲೆ ಕುಳಿತಿರುತ್ತದೆ. ಬೇಸಿಗೆಯಲ್ಲಿ ನೀರು ಕೆಳಗಿಳಿದರೆ ಅದನ್ನು ಕೆಳ ಅಟ್ಟಕ್ಕೆ ಇಳಿಸಬೇಕು, ಇಲ್ಲವಾದರೆ ಬರೀ ಗಾಳಿ ಹೀರುತ್ತದೆ. ಐಪ್ಪಸಿಯ ಮಳೆಗೆ, ಅಂದರೆ ದೀಪಾವಳಿಯ ಹೊತ್ತಿಗೆ, ನೀರು ಏರಿದರೆ ಮೇಲಟ್ಟಕ್ಕೆ ಎತ್ತಬೇಕು, ಇಲ್ಲವಾದರೆ ಮುಳುಗುತ್ತದೆ. ಆ ದಿನ ಅಕ್ಕಪಕ್ಕದ ತೋಟಗಳವರು ಕರೆಯದೆ ಬಂದು ಹಗ್ಗ ಹಿಡಿಯುತ್ತಾರೆ. ಅವರಿಗೆ ಪಾಯಸದ ಊಟ. ಆದರೆ ಕೆಳಗೆ ಅಟ್ಟದ ಮೇಲೆ ನಿಂತು ಮೋಟಾರನ್ನು ಕೂರಿಸುವವನು ಮಾತ್ರ ಬಾವಿಯ ಯಜಮಾನನೇ ಆಗಿರಬೇಕು. ತನ್ನ ಬಾವಿಗೆ ಇನ್ನೊಬ್ಬನನ್ನು ಇಳಿಸುವವನನ್ನು ನಮ್ಮ ಕಡೆ ಯಾರೂ ಬಯ್ಯುವುದಿಲ್ಲ, ಸುಮ್ಮನೆ ನೋಡುತ್ತಾರೆ. ಅದು ಬೈಗುಳಕ್ಕಿಂತ ಕಷ್ಟ.

ಹೋದ ಬೇಸಿಗೆ ರಜೆಯಲ್ಲಿ ನಾನಲ್ಲಿದ್ದೆ. ಮಾವ ಕೆಳ ಅಟ್ಟದ ಮೇಲೆ ನಿಂತಿದ್ದರು. ಮೇಲಟ್ಟದಿಂದ ಇಳಿಯುತ್ತಿದ್ದ ಮೋಟಾರಿಗೆ ಬಿಗಿದ ಹೊಸ ತೆಂಗಿನ ನಾರಿನ ಹಗ್ಗ ಬಾವಿಯ ಅಂಚಿನ ಕಲ್ಲು ದಾಟಿ, ಬೇವಿನ ಮರವನ್ನು ಸುತ್ತಿ, ಪಕ್ಕದ ತೋಟದ ಪೊನ್ನುಸಾಮಿ ಅಣ್ಣನ ಮತ್ತು ಉಳಿದವರ ಕೈಯಲ್ಲಿತ್ತು. ನಾನು ಬಾವಿಯ ಅಂಚಿನ ನೆರಳಿನಲ್ಲಿ ಕುಳಿತು ಅದರ ಮೇಲೊಂದು ಕವಿತೆ ಹೊಸೆಯುತ್ತಿದ್ದೆ. ‘ಭೂಮಿಯ ಕಣ್ಣು’ ಎಂಬ ಉಪಮೆ ಹೊಳೆದು, ಅದರ ಹಳಸಲು ವಾಸನೆಗೆ ನಾನೇ ಮೂಗು ಮುರಿದು, ಬೇರೇನಾದರೂ ಸಿಕ್ಕೀತೇ ಎಂದು ಅಂಚಿನ ಕಲ್ಲಿನತ್ತ ನೋಡಿದೆ. ಕಲ್ಲಿನ ಮೇಲೆ ಉಜ್ಜುತ್ತಿದ್ದ ಹಗ್ಗದ ಹುರಿ ಬಿಚ್ಚಿಕೊಳ್ಳುತ್ತಿತ್ತು. ಒಂದು ಎಳೆ ಎದ್ದು ನಿಂತಿತು. ನಿಧಾನವಾಗಿ, ಯಾರೋ ಕರೆದದ್ದಕ್ಕೆ ತಲೆಯೆತ್ತಿದಂತೆ. ಅದರ ಪಕ್ಕದಲ್ಲಿ ಇನ್ನೊಂದು.

ನಾನು ಕೂಗಿದೆನೆಂದು ಎಲ್ಲರೂ ಹೇಳುತ್ತಾರೆ. ಆ ಕೂಗು ನನಗೆ ನೆನಪಿಲ್ಲ. ಮಾವ ತಲೆಯೆತ್ತಿದ್ದು, ಗೋಡೆಯ ಕಡೆಗೆ ಹಾರಿ ಪಾರಿವಾಳದ ದೊಡ್ಡದೊಂದು ಗೂಡಿನೊಳಕ್ಕೆ ಮೈಯನ್ನು ತುರುಕಿದ್ದು, ಹಗ್ಗ ತುಂಡಾಗಿ ಹಿಂದಕ್ಕೆ ಚಿಮ್ಮಿದ್ದು ಮಾತ್ರ ನೆನಪಿದೆ. ಸದ್ದು ನಾನು ಎಣಿಸಿದಷ್ಟು ದೊಡ್ಡದಾಗಿರಲಿಲ್ಲ. ನೆಲ ಒಮ್ಮೆ ಕೆಮ್ಮಿದಂತಿತ್ತು. ಬಾವಿಯ ಪಾರಿವಾಳಗಳೆಲ್ಲ ಒಟ್ಟಿಗೆ ಮೇಲೆದ್ದು ಬಂದವು, ಅವುಗಳ ಹಿಂದೆ ಹೊಗೆಯಂತೆ ಧೂಳು. ಆಮೇಲೆ ಏನೂ ಇಲ್ಲ. ಹಗ್ಗ ಹಿಡಿದವರು ತುಂಡು ಹಗ್ಗವನ್ನೇ ಬಿಗಿಯಾಗಿ ಹಿಡಿದು ನಿಂತಿದ್ದರು. ಅತ್ತೆ ಪಾಯಸದ ಸೌಟು ಹಿಡಿದುಕೊಂಡೇ ಓಡಿಬಂದು ಬಾವಿಯಿಂದ ಒಂದು ಮಾರು ದೂರದಲ್ಲಿ, ಮುಂದೆ ಕಾಲಿಡಲಾರದೆ ನಿಂತರು.

ಆಗ ಕೆಳಗಿನಿಂದ ಮಾವನ ದನಿ ಬಂತು: ‘ಮೋಟಾರು ಎಲ್ಲಿ?’

ಪೊನ್ನುಸಾಮಿ ಅಣ್ಣ ಮೊದಲು ಉಸಿರು ಬಿಟ್ಟು, ‘ಕೇಳಿದ್ರಾ? ಜೀವ ಉಳಿದದ್ದು ಲೆಕ್ಕಕ್ಕಿಲ್ಲ, ಗೌಡರಿಗೆ ಮೋಟಾರು ಬೇಕಂತೆ!’ ಎಂದು ತಮಿಳಿನಲ್ಲಿ ಕೂಗಿದರು. ಅಷ್ಟೇ, ಎಲ್ಲರೂ ನಕ್ಕೆವು. ಎಂಥ ನಗು! ನಿಂತವರು ಕುಳಿತರು, ಕುಳಿತವರು ಹೊಟ್ಟೆ ಹಿಡಿದುಕೊಂಡರು. ಅತ್ತೆ ನೆಲಕ್ಕೆ ಸೌಟು ಬಡಿಯುತ್ತ, ಅಳುತ್ತ ನಕ್ಕರು. ನಾನೂ ನಕ್ಕೆ, ನಗುವಾಗ ಹಲ್ಲು ಕಟಕಟ ಎನ್ನುತ್ತಿದ್ದುದು ಗೊತ್ತಾಯಿತು. ಮಾವ ಅವರಾಗಿಯೇ ಮೆಟ್ಟಿಲು ಹತ್ತಿ ಬಂದಾಗ ತಲೆಯ ತುಂಬ ಧೂಳು, ಪುಕ್ಕ. ಮೊಣಕೈಯಲ್ಲೊಂದು ತರಚು ಗಾಯ. ಮೋಟಾರು ಕೆಳ ಅಟ್ಟದ ಒಂದು ಚಪ್ಪಡಿಯನ್ನು ಮುರಿದುಕೊಂಡು ನೀರಿಗೆ ಬಿದ್ದಿತ್ತು. ಮಾವ ನಿಂತಿದ್ದ ಚಪ್ಪಡಿ ಅದೇ.

ಅತ್ತೆ ಆ ವಾರವೇ ಆನೈಮಲೈಗೆ ಹೋಗಿ, ನ್ಯಾಯ ಬೇಡುವವರು ಮೆಣಸಿನಕಾಯಿ ಅರೆಯುವ ಮಾಸಾಣಿ ಅಮ್ಮನ ಗುಡಿಯಲ್ಲಿ, ಹಗ್ಗದ ಅಂಗಡಿಯವನ ಮೇಲೆ ಮೆಣಸಿನಕಾಯಿ ಅರೆಯುತ್ತೇನೆಂದು ಹೊರಟರು. ಹಗ್ಗದ ತಪ್ಪಲ್ಲ, ಕಲ್ಲಿನ ಅಂಚಿನದು ಎಂದು ಮಾವ ತಡೆದರು. ‘ಹಂಗಾದ್ರೆ ಕಲ್ಲಿನ ಮೇಲೆ ಅರೀತೀನಿ’ ಎಂದರು ಅತ್ತೆ. ಮೆಣಸಿನಕಾಯಿಯನ್ನು ಕಲ್ಲಿನ ಮೇಲಲ್ಲದೆ ಇನ್ನೆಲ್ಲಿ ಅರೆಯುತ್ತಾರೆ ಎಂದು ಅಜ್ಜಿ ಕೇಳಿದ್ದರಿಂದ ಮಾತು ಅಲ್ಲಿಗೆ ನಿಂತಿತು.

ಮಾವನಿಗೆ ಮಾತ್ರ ಹೆಸರು ಬಂದಿತ್ತು: ಮೋಟಾರು ಗೌಡರು. ಕಾಫಿ ಕ್ಲಬ್ಬಿನಲ್ಲಿ, ಕಡಲೆಕಾಯಿ ಮಂಡಿಯಲ್ಲಿ, ಬಸ್ ನಿಲ್ದಾಣದಲ್ಲಿ, ‘ಏನು ಮೋಟಾರು ಗೌಡರೇ, ಮೋಟಾರು ಸೌಖ್ಯವೇ?’ ಮಾವ ಎಲ್ಲದಕ್ಕೂ ಮುಗುಳ್ನಗುತ್ತಿದ್ದರು. ಆದರೆ ಬಾವಿಯ ಅಂಚಿಗೆ ಮತ್ತೆ ಹೋಗಲಿಲ್ಲ. ಮೋಟಾರನ್ನು ನೀರಿನಿಂದ ಎತ್ತಿಸಿ, ಒಳಗಿನ ತಂತಿಸುರುಳಿ ಮತ್ತೆ ಸುತ್ತಿಸಿ, ಚಪ್ಪಡಿ ಬದಲಿಸಿ ಕೆಳ ಅಟ್ಟದ ಮೇಲೆ ಕೂರಿಸಿದವರು ಪೊನ್ನುಸಾಮಿ ಅಣ್ಣ. ಮಾವ ಮೇಲಿನ ಷೆಡ್ಡಿನಲ್ಲಿ ಬಾವಿಗೆ ಬೆನ್ನು ಹಾಕಿ ನಿಂತು ಸ್ವಿಚ್ಚು ಒತ್ತುತ್ತಾರೆಂದು ಅತ್ತೆ ನನ್ನ ಕಿವಿಯಲ್ಲಿ ಹೇಳಿದರು. ‘ಐಪ್ಪಸಿ ಮಳೆಗೆ ನೀರು ಏರುತ್ತೆ ಕಣ್ಣು. ಆಗ ಎತ್ತಲೇಬೇಕು. ಆಗೂ ಪೊನ್ನುಸಾಮಿ ಅಣ್ಣನ್ನೇ ಇಳ್ಸಿದ್ರೆ ಊರಲ್ಲಿ ಇವ್ರು ತಲೆ ಎತ್ತೋದು ಹೆಂಗೆ?’

ಪೀಳಮೇಡಿಗೆ ಮರಳಿದ ನಾನೇನು ಶೂರಳೇ? ಸ್ಟಾಫ್ ರೂಮಿನಲ್ಲಿ ಫ್ಯಾನಿನ ಕೆಳಗಿದ್ದ ನನ್ನ ಕುರ್ಚಿಯನ್ನು ಗೋಡೆಯ ಕಡೆಗೆ ಸರಿಸಿದೆ. ಶೀತವಾಗಿದೆಯೆಂದು ಆ ಸೆಕೆಯಲ್ಲೂ ಸುಳ್ಳು ಹೇಳಿದೆ. ತಲೆಯ ಮೇಲೆ ತೂಗುವ ವಸ್ತುಗಳು ಈ ಲೋಕದಲ್ಲಿ ಎಷ್ಟಿವೆಯೆಂಬುದು ಅಲ್ಲಿಯವರೆಗೆ ನನಗೆ ತಿಳಿದಿರಲಿಲ್ಲ. ತರಗತಿಯಲ್ಲಿ ಪ್ರತ್ಯಕ್ಷದರ್ಶಿಯ ಹೇಳಿಕೆಗೆ ಇತಿಹಾಸದಲ್ಲಿರುವ ಮಹತ್ತ್ವವನ್ನು ವಿವರಿಸುತ್ತಿರುವಾಗ ಬೋರ್ಡಿನ ಮೇಲೆ ಆ ಎಳೆ ತಲೆಯೆತ್ತುತ್ತಿತ್ತು. ವಾಕ್ಯ ಅಲ್ಲೇ ನಿಲ್ಲುತ್ತಿತ್ತು. ಹುಡುಗಿಯರು ಅದನ್ನು ವಿದ್ವತ್ತಿನ ಮೌನವೆಂದು ಬರೆದುಕೊಳ್ಳುತ್ತಿದ್ದರು.

ಇಂಥದ್ದನ್ನು ಕಳೆದುಕೊಳ್ಳಲು ನನಗೆ ಗೊತ್ತಿರುವ ಉಪಾಯ ಒಂದೇ, ಒಂದೇ ಮಗ್ಗುಲಲ್ಲಿ ಬರೆಯುವುದು. ಬರೆದೆ. ಮೊದಲ ಕರಡಿನಲ್ಲಿ ನಿಯತಿ, ಕಾಲಗರ್ಭ, ಮೃತ್ಯುವಿನ ಕರಾಳ ಛಾಯೆ ಎಲ್ಲವೂ ಇದ್ದವು. ನನ್ನ ಕೈಬರಹದ ಲಕೋಟೆ ಬಲುಬೇಗ ಬಂತು, ಜೊತೆಗೆ ಸಂಪಾದಕರ ಒಂದೇ ಸಾಲಿನ ಚೀಟಿ: ‘ಮೃತ್ಯು ಚೆನ್ನಾಗಿ ಬಂದಿದೆ, ಬಾವಿ ಬಂದಿಲ್ಲ.’ ಎರಡು ದಿನ ಸಂಪಾದಕರನ್ನು ಶಪಿಸಿ, ಮೂರನೆಯ ದಿನ ಅವರು ಹೇಳಿದ್ದು ಸರಿಯೆಂದು ಕಂಡು, ಮತ್ತೆ ಬರೆದೆ. ಈ ಸಲ ಪಾರಿವಾಳ, ಪಾಯಸ, ಸೌಟು ಬಂದವು. ಕೊನೆಯಲ್ಲಿ, ಜೀವ ಬಾಯಿಗೆ ಬಂದು ಹೋದರೂ ಮೋಟಾರನ್ನೇ ವಿಚಾರಿಸಿದ ಕೃಷಿಕನ ಮಾತು ಬಂತು. ಅದರಡಿಯಲ್ಲಿ ಸೊತ್ತಿನ ಮೇಲೆ ಮನುಷ್ಯನಿಗಿರುವ ಮೋಹದ ಬಗ್ಗೆ ಕೆಲವು ಸೊಗಸಾದ ವಾಕ್ಯಗಳನ್ನೂ ಸೇರಿಸಿದೆ. ಸ್ವೀಕೃತವಾಯಿತೆಂದು ಕಾರ್ಡು ಬಂತು. ದೀಪಾವಳಿಯ ಮುಂಚಿನ ಸಂಚಿಕೆಯಲ್ಲಿ ಅಚ್ಚಾಯಿತು. ಜಾಹೀರಾತು ಈ ಸಲ ಒಂದಕ್ಷರವನ್ನೂ ತಿನ್ನಲಿಲ್ಲ.

ಗೌರವಪ್ರತಿ ಹಿಡಿದು ತೋಟಕ್ಕೆ ಹೋದಾಗ ಭಾನುವಾರದ ಮಧ್ಯಾಹ್ನ. ಮೋಡ ಕವಿದಿತ್ತು. ವಾರದಿಂದ ಮಳೆ ಹಿಡಿದು ಬಾವಿಯ ನೀರು ಮೆಟ್ಟಿಲು ಮೆಟ್ಟಿಲಾಗಿ ಏರಿ ಮೋಟಾರಿನ ಅಟ್ಟಕ್ಕೆ ಮೊಳದಷ್ಟು ಕೆಳಗೆ ಬಂದು ನಿಂತಿತ್ತು. ಮರುದಿನ ಬೆಳಿಗ್ಗೆ ಎತ್ತುವುದೆಂದು ಪೊನ್ನುಸಾಮಿ ಅಣ್ಣ ಚೈನು ರಾಟೆಯನ್ನು ತಂದಿಳಿಸಿದ್ದರು. ಕೆಳಗಿಳಿಯುವವರು ಯಾರೆಂದು ಅವರೂ ಕೇಳಿರಲಿಲ್ಲ, ಮಾವನೂ ಹೇಳಿರಲಿಲ್ಲ. ಪಾಯಸವಿದ್ದುದರಿಂದ ಅವರೂ ಜಗಲಿಯಲ್ಲೇ ಕುಳಿತರು. ಇಷ್ಟು ವರ್ಷದ ನೆರೆಯಲ್ಲಿ ಅವರಿಗೆ ನಮ್ಮ ಕನ್ನಡ ಅರ್ಥವಾಗುತ್ತದೆ, ನಮ್ಮ ಜಗಳಗಳಂತೂ ಪೂರ್ತಿ ಅರ್ಥವಾಗುತ್ತವೆ.

ಓದಿದೆ. ಅಜ್ಜಿ ಎರಡು ಕಡೆ ತಡೆದರು. ಸೌಟು ಹಿತ್ತಾಳೆಯದಲ್ಲ, ಮರದ್ದು. ಬೇವಿನ ಮರವನ್ನು ನೆಟ್ಟದ್ದು ತಾತನಲ್ಲ, ತಾನು. ‘ಮೋಟಾರು ಎಲ್ಲಿ?’ ಬಂದಾಗ ಪೊನ್ನುಸಾಮಿ ಅಣ್ಣ ತೊಡೆ ತಟ್ಟಿಕೊಂಡು ನಕ್ಕರು, ಅತ್ತೆ ಸೆರಗು ಬಾಯಿಗಿಟ್ಟುಕೊಂಡರು. ಮಾವ ಕಡಲೆಕಾಯಿ ಸುಲಿಯುತ್ತಿದ್ದರು. ಸೊತ್ತಿನ ಮೋಹದ ವಾಕ್ಯಗಳೆಲ್ಲ ಮುಗಿದು ನಾನು ಪತ್ರಿಕೆ ಮಡಿಸಿದ ಮೇಲೆ, ಸುಲಿಯುವುದನ್ನು ನಿಲ್ಲಿಸದೆಯೇ ಹೇಳಿದರು:

‘ನಾ ಅಂಗೆ ಕೇಳಿದ್ದು ದಿಟ ಕಣ್ಣು. ಯಾಕ್ ಕೇಳ್ದೆ ಅಂತ ನೀವ್ಯಾರೂ ಕೇಳಲಿಲ್ಲ.’

ನಗು ನಿಂತಿತು.

‘ಗೂಡೊಳಗೆ ಮುಖ ಒತ್ತಿ ನಿಂತಿದ್ದೆ. ಪಾರಿವಾಳ ಎಲ್ಲಾ ಮುಖದ ಮೇಲೇ ಎದ್ದು ಹೋದೊ. ಕಣ್ ತುಂಬ ಧೂಳು, ಕಿವಿ ಅಡಚ್ಕೊಂಡಿತ್ತು. ಏನೋ ಬಿತ್ತು, ಕಲ್ಲು ಬಿತ್ತೋ ಮೋಟಾರು ಬಿತ್ತೋ ಗೊತ್ತಾಗ್ಲಿಲ್ಲ. ಬಿದ್ದಿದ್ದು ಕಲ್ಲಾದ್ರೆ ಮೋಟಾರು ಇನ್ನೂ ನನ್ ತಲೆ ಮೇಲೇ ತೂಗ್ತಾ ಇರ್ಬೇಕಲ್ಲ? ಈಚೆ ಕಾಲಿಡೋದಾ, ಬೇಡ್ವಾ? ಅದಕ್ಕೇ ಕೇಳ್ದೆ, ಮೋಟಾರು ಎಲ್ಲಿ ಅಂತ.’

ಅತ್ತೆ ಸೆರಗನ್ನು ಬಾಯಿಯಿಂದ ತೆಗೆದರು. ‘ಅಯ್ಯೋ, ಇದನ್ನ ಅವತ್ತೇ ಹೇಳಬಾರ್ದಾ ನೀವು?’

‘ಹೇಳೋಕೆ ಬಿಟ್ರಾ? ನಾ ಮೇಲೆ ಬರೋ ಹೊತ್ಗೆ ಹೆಸರಿಟ್ಟಾಗಿತ್ತು.’

ಪೊನ್ನುಸಾಮಿ ಅಣ್ಣ ಪಾಯಸದ ಲೋಟವನ್ನು ಕೆಳಗಿಟ್ಟು ಅದರೊಳಗೇ ನೋಡುತ್ತ ಕುಳಿತರು. ನನಗೆ ನನ್ನ ಸೊಗಸಾದ ವಾಕ್ಯಗಳು ಒಂದೊಂದಾಗಿ ನೆನಪಾಗುತ್ತಿದ್ದವು. ಬಾವಿಯ ಅಂಚಿನಲ್ಲಿ ಕುಳಿತ ನಾನು ಎಲ್ಲವನ್ನೂ ಕಂಡಿದ್ದೆ: ಎಳೆ, ಹಗ್ಗ, ಧೂಳು, ಹಕ್ಕಿ. ಕೆಳಗೆ ಕತ್ತಲಲ್ಲಿ ನಿಂತವರು ಏನನ್ನೂ ಕಂಡಿರಲಿಲ್ಲ, ಮತ್ತು ನಡೆದದ್ದು ಅವರಿಗೆ. ಸಂಪಾದಕರಿಗೆ ಬರೆದು ತಿದ್ದುಪಡಿ ಹಾಕಿಸುತ್ತೇನೆ ಮಾವ, ನಾವು ನಕ್ಕದ್ದನ್ನೆಲ್ಲ ತೆಗೆಸಿಬಿಡುತ್ತೇನೆ ಎಂದೆ.

‘ನಗು ಯಾಕ್ ತೆಗೀತೀಯ?’ ಎಂದರು ಮಾವ, ಮೊದಲ ಸಲ ತಲೆಯೆತ್ತಿ. ‘ಅದು ಇರಲಿ. ಅದೇ ತಾನೆ ನನಗೆ ಸಿಕ್ಕಿದ ಜವಾಬು.’

‘ಜವಾಬಾ?’

‘ಆಮಾ, ಜವಾಬೇ. ನಾ ಕೇಳ್ದೆ. ಇಲ್ಲಿದೆ ಅಲ್ಲಿದೆ ಅಂತ ಯಾರಾದ್ರೂ ಹೇಳಿದ್ರಾ? ಇಲ್ಲ. ಎಲ್ಲಾ ನಕ್ಕಿರಿ. ಆಗ ಗೊತ್ತಾಯ್ತು, ಮೇಲೆ ಏನೂ ತೂಗ್ತಾ ಇಲ್ಲ ಅಂತ. ನನ್ ತಲೆ ಮೇಲೆ ಮೋಟಾರು ತೂಗ್ತಾ ಇದ್ರೆ ನನ್ ಹೆಂಡ್ತಿ ನಗ್ತಾಳಾ?’

‘ನಗ್ತಾಳೋ ಏನೋ, ಯಾರ್ ಕಂಡ್ರು’ ಎಂದರು ಅಜ್ಜಿ.

‘ನೋಡಿ ನಿಮ್ಮವ್ವನ್ನ!’ ಎಂದು ಅತ್ತೆ ಕೂಗಿದರು. ಮಾವ ನಕ್ಕರು. ಬೇಸಿಗೆಯಿಂದ ಈಚೆಗೆ ಅವರು ಮುಗುಳ್ನಗುತ್ತಿದ್ದರೇ ಹೊರತು ನಕ್ಕಿರಲಿಲ್ಲವೆಂಬುದು ಅವರು ನಕ್ಕಾಗ ನಮಗೆ ಹೊಳೆಯಿತು.

ಮರುದಿನ ಬೆಳಿಗ್ಗೆ, ಯಾರೂ ಏನೂ ಹೇಳದಿದ್ದರೂ, ಮಾವ ಪಂಚೆಯನ್ನು ಮೇಲಕ್ಕೆ ಕಟ್ಟಿ ಬಾವಿಯ ಮೊದಲ ಮೆಟ್ಟಿಲಿನ ಮೇಲೆ ನಿಂತರು. ಸ್ವಲ್ಪ ಹೊತ್ತು ನಿಂತೇ ಇದ್ದರು. ಪೊನ್ನುಸಾಮಿ ಅಣ್ಣ ಚೈನನ್ನು ಪರೀಕ್ಷಿಸುವ ನೆಪದಲ್ಲಿ ಬೇರೆ ಕಡೆ ನೋಡಿದರು. ಅಷ್ಟು ದೊಡ್ಡ ಮರ್ಯಾದೆಯನ್ನು ನಾನು ಯಾವ ಸಾಹಿತ್ಯ ಸಭೆಯಲ್ಲೂ ಕಂಡಿಲ್ಲ. ಮಾವ ಗೋಡೆಗೆ ಅಂಗೈ ಊರಿ ಮೆಟ್ಟಿಲಿಳಿದರು. ಚೈನು ಬಿಗಿ ಹಿಡಿದು, ಮೋಟಾರು ಅಟ್ಟ ಬಿಟ್ಟು ಎದ್ದಿತು. ಚೈನು ಹಲ್ಲಿನಿಂದ ಹಲ್ಲಿಗೆ ಸರಿಯುವ ಕಟ್ ಕಟ್ ಸದ್ದೊಂದೇ. ನನ್ನ ಕಣ್ಣು ಆ ಹಳೆಯ ಎಳೆಯನ್ನು ಕಬ್ಬಿಣದಲ್ಲೂ ಹುಡುಕುತ್ತಿತ್ತು. ಮೋಟಾರು ಅವರ ತಲೆಗಿಂತ ಮೇಲೆ ಹೋಯಿತು.

ಆಗ ಕೆಳಗಿನಿಂದ ಮತ್ತೆ ಮಾವನ ದನಿ ಬಂತು: ‘ಏನ್ರಪ್ಪಾ ಇಷ್ಟು ಮೌನ? ಯಾರಾದ್ರೂ ಒಂಚೂರು ನಗ್ರೋ!’

ಕೇಳಿದೊಡನೆ ನಗುವುದು ಎಷ್ಟು ಕಷ್ಟವೆಂಬುದನ್ನು ಹಾಸ್ಯ ಬರೆಯುವವರು ಮಾತ್ರ ಬಲ್ಲರು. ಪೊನ್ನುಸಾಮಿ ಅಣ್ಣ ‘ಹ ಹ’ ಎಂದದ್ದು ಗಂಟಲು ಕಟ್ಟಿದ ಹುಂಜದಂತೆ ಕೇಳಿಸಿತು. ಅದಕ್ಕೆ ಅತ್ತೆ ನಿಜವಾಗಿ ನಕ್ಕರು, ಅತ್ತೆಯನ್ನು ನೋಡಿ ನಾನು, ನಮ್ಮನ್ನು ನೋಡಿ ಚೈನು ಹಿಡಿದವರು. ‘ಮೊದ್ಲು ಎಳೀರೋ, ಆಮೇಲೆ ನಗೀರಂತೆ!’ ಎಂದು ಅಜ್ಜಿ ಜಗಲಿಯಿಂದ ಗದರಿದರು. ಬಾವಿ ಆ ನಗುವನ್ನು ತುಂಬಿಕೊಂಡು ದುಪ್ಪಟ್ಟು ಮಾಡಿ ಹಿಂದಕ್ಕೆ ಕೊಟ್ಟಿತು. ಮೋಟಾರು ಮೇಲಟ್ಟದ ಮೇಲೆ ಹೋಗಿ ಕುಳಿತಿತು. ಮಾವ ಅದರ ಪಕ್ಕಕ್ಕೆ ಹತ್ತಿ ಬಂದು, ಎಮ್ಮೆಯ ಬೆನ್ನು ತಟ್ಟಿದಂತೆ ಅದರ ಬೆನ್ನು ತಟ್ಟಿದರು.

ಲಘುವಾಗಿ ಬರೆಯುವವರೆಂದು ನಮ್ಮನ್ನು ಕವಿಗಳು ತುಸು ಕೆಳಗೇ ಕೂರಿಸುತ್ತಾರೆ. ನನಗೂ ಆ ಅಳುಕು ಇತ್ತು. ನಡೆದದ್ದನ್ನು ನಗುವಾಗಿಸಿ ಮಾರುತ್ತೇವೇನೋ ಎಂಬ ಅನುಮಾನ ಲಕೋಟೆ ಅಂಟಿಸುವಾಗ ನಾಲಗೆಯ ಮೇಲೆ ಗೋಂದಿನ ಜೊತೆ ಉಳಿಯುತ್ತಿತ್ತು. ಈಗ ಬೇರೊಂದು ತೋರುತ್ತದೆ. ಎಲ್ಲೋ ಕೆಳಗೆ, ಕಣ್ಣಿಗೆ ಧೂಳು ತುಂಬಿಕೊಂಡು, ತಲೆಯ ಮೇಲೆ ಇನ್ನೂ ಏನು ತೂಗುತ್ತಿದೆಯೋ ತಿಳಿಯದೆ ಗೋಡೆಗೊತ್ತಿ ನಿಂತವರಿಗೆ ಮೇಲಿನಿಂದ ಕೇಳಿಸುವ ನಗು ಕೆಲವೊಮ್ಮೆ ಸುದ್ದಿಯಾಗುತ್ತದೆ. ಆದರೆ ನಗುವ ಮೊದಲು ಒಮ್ಮೆ ಬಗ್ಗಿ ನೋಡಬೇಕು, ಮೋಟಾರು ನಿಜವಾಗಿ ಬಿದ್ದಾಗಿದೆಯೇ ಎಂದು.

ಈ ಬರಹ ಹೀಗೆ ಹುಟ್ಟಿತು. ಇದರ ಕರಡನ್ನು ಈ ಸಲ ಅಚ್ಚಾಗುವ ಮೊದಲೇ ಜಗಲಿಯಲ್ಲಿ ಓದಿದ್ದೇನೆ. ಸೌಟು ಮರದ್ದಾಗಿದೆ, ಬೇವಿನ ಮರ ಅಜ್ಜಿಯದಾಗಿದೆ. ಸೌಟಿನ ಮರ ಯಾವುದೆಂದು ಬರೆಯಬೇಕೆಂಬ ಅಜ್ಜಿಯ ತಿದ್ದುಪಡಿಯೊಂದು ಮಾತ್ರ ಬಿದ್ದುಹೋಯಿತು. ಸಂಪಾದಕರು ತಿರುಗಿ ಕಳಿಸಿದರೆ ಆನೈಮಲೈಗೆ ಹೋಗಿ ಅವರ ಮೇಲೆ ಮೆಣಸಿನಕಾಯಿ ಅರೆಯುವುದಾಗಿ ಅತ್ತೆ ಹೇಳಿದ್ದಾರೆ. ಅದನ್ನು ಸಂಪಾದಕರ ಗಮನಕ್ಕೆ ಮಾತ್ರ ತಂದಿದ್ದೇನೆ, ಒತ್ತಾಯವೇನಿಲ್ಲ. ಸ್ವವಿಳಾಸದ ಲಕೋಟೆ ಇಡಬೇಕಾಗಿ ಬಂದಾಗ, ನಾನು ಪೆನ್ನು ತೆರೆಯುವಷ್ಟರಲ್ಲಿ ಮಾವ ಕೈ ಚಾಚಿದರು. ‘ತಿರುಗಿ ಬಂದ್ರೆ ಇಲ್ಲಿಗೇ ಬರ್ಲಿ. ನನ್ ವಿಷಯ ತಾನೆ?’ ಮೊಣಕಾಲಿನ ಮೇಲಿಟ್ಟುಕೊಂಡು, ಅಂಗಡಿಯ ಬೋರ್ಡಿನಂಥ ದುಂಡು ತಮಿಳು ಅಕ್ಷರಗಳಲ್ಲಿ ತಮ್ಮ ಹೆಸರನ್ನೂ ತೋಟದ ವಿಳಾಸವನ್ನೂ ಬರೆದು, ಸ್ವಲ್ಪ ಯೋಚಿಸಿ, ಹೆಸರಿನ ಹಿಂದೆ ‘ಮೋಟಾರು’ ಎಂದೂ ಸೇರಿಸಿದರು. ಹಾಗೆ ಬರೆದರೇ ಅಂಚೆಯವರಿಗೆ ಬೇಗ ಸಿಗುತ್ತದಂತೆ.

ತನ್ನ ವಿಳಾಸವನ್ನು ತಾನೇ ಬರೆದುಕೊಳ್ಳುವಾಗ ಮನುಷ್ಯನ ಕೈಬರಹ ಕೆಡುತ್ತದೆ ಎಂದೆನಲ್ಲ, ಎಲ್ಲರದ್ದೂ ಕೆಡುವುದಿಲ್ಲ.